ಎಡಗೈಲಿ ಉಣ್ಣುವವರು

ಟಿಣ್, ಟಿಣ್.

ನಿಬ್ಬಿಗೆ ಹೆಚ್ಚಾಗಿ ಹತ್ತಿದ ಇಂಕನ್ನು ಬಾಟಲಿಯ ಬಾಯಿಗೆ ಎರಡು ಸಲ ತಟ್ಟಿ ಉದುರಿಸುವ ಸದ್ದು. ಅದು ಕೇಳಿದ ಮೇಲೆ ಮಂಗಳಮ್ಮ ಅಡುಗೆಮನೆಯಿಂದ ಗಂಡನನ್ನು ಕರೆಯುತ್ತಿರಲಿಲ್ಲ. ಹೊಸದೊಂದು ಬಲೂನು ಶುರುವಾಗಿದೆ, ಅದು ಮುಗಿಯುವ ತನಕ ಈ ಮನುಷ್ಯನಿಗೆ ಕಿವಿ ಇರುವುದಿಲ್ಲ ಎಂಬುದನ್ನು ಮದುವೆಯಾದ ಮೂವತ್ತಾರು ವರ್ಷಗಳಲ್ಲಿ ಆಕೆ ಕಲಿತಿದ್ದಳು.

ಬಲೂನು ಎಂದರೆ ಚಿತ್ರಕಥೆಯ ಪುಸ್ತಕದಲ್ಲಿ ಪಾತ್ರಗಳ ಬಾಯಿಯಿಂದ ಹೊರಟು, ಮಾತನ್ನು ತುಂಬಿಕೊಂಡು ನಿಲ್ಲುವ ಬಿಳಿಯ ಗುಳ್ಳೆ. ಅದರೊಳಗೆ ಕನ್ನಡ ಬರೆಯುವುದು ಕೆಂಪರಾಜುವಿನ ಕೆಲಸವಾಗಿತ್ತು. ಮದ್ದೂರಿನ ಪೇಟೆಬೀದಿಯ ಹಿಂದಿನ ಓಣಿಯಲ್ಲಿ, ಬೆಳಗಿನ ಬಿಸಿಲು ಸರಿಯಾಗಿ ಬೀಳುವ ಕಿಟಕಿಯ ಬುಡದಲ್ಲಿ ಓರೆ ಮಣೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಅರವತ್ತೆರಡರ ಆತ ಆ ದಿನ ಮೂರನೆಯ ಪುಸ್ತಕದ ಕಡೆಯ ಪುಟ ಬರೆಯುತ್ತಿದ್ದ. ಉಸಿರು ಬಿಗಿಹಿಡಿದು ಗೆರೆ ಎಳೆಯುವುದು, ಗೆರೆ ಮುಗಿದ ಮೇಲೆ ಉಸಿರು ಬಿಡುವುದು. ಹಾಗೆ ಮಾಡಿದರೆ ಕೈ ನಡುಗುವುದು ಅಕ್ಷರಕ್ಕೆ ಗೊತ್ತಾಗುವುದಿಲ್ಲ.

ಆತ ಹುಟ್ಟಿದ್ದು ಶಿವಪುರದ ಮಗ್ಗುಲಲ್ಲಿ, ಕಬ್ಬು ಭತ್ತ ಎರಡೂ ಬೆಳೆಯುವ ಮನೆಯಲ್ಲಿ. ಹುಡುಗನಾಗಿದ್ದಾಗ ಸತ್ಯಾಗ್ರಹ ಸೌಧದ ಗೋಡೆಯ ಮೇಲಿನ ಅಕ್ಷರಗಳನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ಬರೆದು, ಸೌಧಕ್ಕೆ ಬಂದವರು ಗೋಡೆ ನೋಡುವುದು ಬಿಟ್ಟು ನೆಲ ನೋಡುವ ಹಾಗೆ ಮಾಡುತ್ತಿದ್ದ. ಆಮೇಲೆ ಕಬ್ಬಿನ ಲಾರಿಗಳ ನೆತ್ತಿಯ ಮೇಲೆ ಮನೆದೇವರ ಹೆಸರು, ಟೆಂಟಿನ ಸಿನಿಮಾ ಬೋರ್ಡು, ಹೋಟೆಲಿನ ತಿಂಡಿ ಪಟ್ಟಿ. ಒಮ್ಮೆ ಮದ್ದೂರಿನಲ್ಲಿ ಬಸ್ಸು ಕೆಟ್ಟು ನಿಂತಾಗ ಬೆಂಗಳೂರಿನ ಪ್ರೆಸ್ಸಿನವರೊಬ್ಬರು ಆ ತಿಂಡಿ ಪಟ್ಟಿಯನ್ನು ನೋಡಿದರು. ಇಡ್ಲಿ ಕೇಳುವುದು ಬಿಟ್ಟು, ಪಟ್ಟಿ ಬರೆದವನು ಯಾರು ಎಂದು ಕೇಳಿದರು.

ಹಾಗೆ ಆತನ ಬದುಕಿಗೆ ‘ಉಕ್ಕುಗಣ್ಣ’ ಬಂದ. ಅಮೆರಿಕದ ಯಾವುದೋ ಪಟ್ಟಣದಲ್ಲಿ ಕಳ್ಳರನ್ನು ಹಿಡಿಯುವ, ಉಕ್ಕಿನ ಕಣ್ಣುಳ್ಳ, ಎಂದೂ ಸೋಲದ ವೀರ. ಕನ್ನಡಕ್ಕೆ ಬಂದ ಅವನ ನೂರ ಹನ್ನೆರಡು ಪುಸ್ತಕಗಳಿಗೂ ಅಕ್ಷರ ಕೆಂಪರಾಜುವಿನದೇ. ಪುಟಗಳು ಬೆಂಗಳೂರು ಬಸ್ಸಿನ ಕಂಡಕ್ಟರ ಕೈಯಲ್ಲಿ ಸುರುಳಿಯಾಗಿ ಬರುತ್ತಿದ್ದವು, ಕಂಡಕ್ಟರ ಕೈಯಲ್ಲೇ ಹೋಗುತ್ತಿದ್ದವು. ಇಂಗ್ಲಿಷಿನವರು ತಮ್ಮ ಮಾತಿಗೆ ತಕ್ಕಂತೆ ಮಾಡಿಟ್ಟ ಗುಳ್ಳೆಯಲ್ಲಿ ಕನ್ನಡ ಹಿಡಿಸುವುದು ಸುಲಭವಲ್ಲ. ನಮ್ಮ ಅಕ್ಷರಕ್ಕೆ ತಲೆಯ ಮೇಲೊಂದು ಗುಡಿಸು, ಕಾಲ ಕೆಳಗೊಂದು ಒತ್ತು. ಒಂದು ಸಾಲಿಗೆ ಮೂರು ಅಂತಸ್ತಿನ ಜಾಗ ಬೇಕು. ಹಾಗಾಗಿ ಆತ ಒತ್ತು ಕಡಿಮೆ ಇರುವ ಮಾತುಗಳನ್ನು ಹುಡುಕಿ, ವಾಕ್ಯವನ್ನು ಮೊಟಕು ಮಾಡಿ, ಪ್ರೆಸ್ಸಿನವರಿಗೆ ತಿಳಿಯದಂತೆ ಅರ್ಧ ಅನುವಾದವನ್ನೂ ತಾನೇ ಮಾಡುತ್ತಿದ್ದ.

ಮತ್ತೊಂದು ಕೆಲಸವೂ ಅವನ ಪಾಲಿಗೆ ಬಂದಿತ್ತು. ಅದಕ್ಕೆ ಪ್ರೆಸ್ಸಿನಲ್ಲಿ ‘ಸರಿಮಾಡುವುದು’ ಎನ್ನುತ್ತಿದ್ದರು. ಹೆಂಗಸರಿಗೆ ತೋಳಿಲ್ಲದ ಅಂಗಿ ಇದ್ದರೆ ತೋಳು ಬರೆಯುವುದು, ತಟ್ಟೆಯ ಮೇಲೆ ಇಡೀ ಹಂದಿ ಮಲಗಿದ್ದರೆ ಬಿಳಿ ಬಣ್ಣ ಬಳಿದು ಬ್ರೆಡ್ಡು ಮಾಡುವುದು. ಮನೆಮನೆಗೆ ಹೋಗುವ ಪುಸ್ತಕ, ಮಕ್ಕಳ ಕೈಯಿಂದ ತಾಯಂದಿರು ಕಿತ್ತುಕೊಳ್ಳಬಾರದು. ಯಾವುದನ್ನು ಸರಿಮಾಡಬೇಕೆಂದು ಯಾರೂ ಹೇಳುತ್ತಿರಲಿಲ್ಲ, ಮಾಡಿದ್ದನ್ನು ಆತ ಯಾರಿಗೂ ಹೇಳುತ್ತಲೂ ಇರಲಿಲ್ಲ.

ನೂರ ಹನ್ನೆರಡು ಪುಸ್ತಕಗಳಲ್ಲಿ ಒಂದರಲ್ಲೂ ಅವನ ಹೆಸರು ಇರಲಿಲ್ಲ. ಬರೆದವರು, ಚಿತ್ರ ಬಿಡಿಸಿದವರು, ಬಣ್ಣ ಹಾಕಿದವರು ಎಂದು ಅಮೆರಿಕದವರ ಹೆಸರುಗಳನ್ನೆಲ್ಲ ಮೊದಲ ಪುಟದಲ್ಲಿ ಅವನೇ ತನ್ನ ಕೈಯಾರೆ ಬರೆಯುತ್ತಿದ್ದ. ಇಂಗ್ಲಿಷ್ ಪುಸ್ತಕದಲ್ಲಿ ಅಕ್ಷರ ಬರೆದವನ ಹೆಸರೂ ಇರುತ್ತಿತ್ತು, ಕನ್ನಡಕ್ಕೆ ಬರುವಾಗ ಆ ಸಾಲು ಬಿದ್ದುಹೋಗುತ್ತಿತ್ತು. ಒಂದು ದಿನ ಕೇಳಬೇಕು ಎಂದುಕೊಂಡ. ಕೇಳುವಷ್ಟರಲ್ಲಿ ಪ್ರೆಸ್ಸು ಮುಚ್ಚಿತು. ಆಮೇಲೆ ಫ್ಲೆಕ್ಸು ಬಂದು ಬೋರ್ಡುಗಳೂ ಹೋದವು. ಸಮಾಧಿಯ ಕಲ್ಲು, ಶಾಲೆಗಳ ಮುಖ್ಯೋಪಾಧ್ಯಾಯರ ಪಟ್ಟಿ, ಇಷ್ಟು ಉಳಿದವು.

ಮತ್ತೆ ಉಳಿದದ್ದು ಚಂದನ. ಭಾರತೀನಗರದಲ್ಲಿರುವ ತಂಗಿ ಕುಸುಮಳ ಮಗಳು. ಚಿಕ್ಕವಳಿದ್ದಾಗ ರಜೆಗೆ ಬಂದರೆ ಮಂಚದ ಕೆಳಗಿನ ಟ್ರಂಕು ಎಳೆದು, ಒಂದು ಉಕ್ಕುಗಣ್ಣನನ್ನು ತೆಗೆದುಕೊಂಡು ಸೀದಾ ಮಾವನ ಮಡಿಲಿಗೆ ಬರುತ್ತಿದ್ದಳು. ಆತ ಕಳ್ಳನಿಗೊಂದು ದನಿ, ಪೊಲೀಸಿಗೊಂದು ದನಿ, ಉಕ್ಕುಗಣ್ಣನಿಗೆ ಮೂಗಿನೊಳಗಿನ ಗಡಸು ದನಿ ಮಾಡಿ ಓದುತ್ತಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಆ ದನಿಗಳನ್ನೆಲ್ಲ ಕೇಳುವುದಕ್ಕೆ ಅವಳೊಬ್ಬಳೇ ಇದ್ದದ್ದು.

ಹೋದ ವರ್ಷ ಅವಳು, ಈಗ ಡಿಗ್ರಿ ಕಾಲೇಜಿನ ಹುಡುಗಿ, ಒಂದು ದಪ್ಪನೆಯ ಪುಟ್ಟ ಪುಸ್ತಕ ತಂದಿದ್ದಳು. ಮಾಂಗಾ ಅಂತೆ, ಜಪಾನಿನವರ ಚಿತ್ರಕಥೆ. ಬಣ್ಣವಿಲ್ಲ. ತೆಗೆದರೆ ಕಡೆಯ ಪುಟದಿಂದ ಶುರು.

“ಇದ್ಯಾವ ಸೀಮೆ ಪುಸ್ತಕ ಕಣವ್ವ, ಇಂದ್ಲಿಂದ ಓದದು?” ಎಂದು ಆತ ಹಿಂದಕ್ಕೆ ಕೊಟ್ಟಿದ್ದ. “ನನ್ ಕೈ ಇದ್ಕೆ ಬರಲ್ಲ. ನಮ್ದೇನಿದ್ರೂ ಉಕ್ಕುಗಣ್ಣ.”

“ಸುಮ್ನೆ ಎರಡ್ ಪುಟ ನೋಡು ಮಾವ.”

“ಬುಡವ್ವ.”

ಅವಳು ಬಿಟ್ಟಳು. ಎಂಟು ತಿಂಗಳ ಹಿಂದೆ ಮತ್ತೆ ಬಂದಾಗ ಚಪ್ಪಲಿ ಬಿಡುವ ಮೊದಲೇ ಕೂಗಿಕೊಂಡು ಬಂದಿದ್ದಳು.

“ಮಾವ, ಒಂದ್ ಸುದ್ದಿ ಅದೆ. ಕುಂತ್ಕೊ ಮೊದ್ಲು.”

“ಕುಂತೇ ಇವ್ನಲ್ಲವ್ವ. ಅದೇನ್ ಯೋಳು.”

“ಉಕ್ಕುಗಣ್ಣ ವಾಪಸ್ ಬತ್ತವ್ನೆ.”

ಬೆಂಗಳೂರಿನಲ್ಲಿ ಅಶೋಕ್ ಎನ್ನುವವರು ಹೊಸದಾಗಿ ಪ್ರೆಸ್ಸು ಮಾಡಿದ್ದಾರಂತೆ. ಹಳೆಯ ಉಕ್ಕುಗಣ್ಣನನ್ನು ಮತ್ತೆ ಕನ್ನಡದಲ್ಲಿ ತರುತ್ತಾರಂತೆ. ಅಕ್ಷರ ಹಳೆಯ ಕೈಯದೇ ಆಗಬೇಕಂತೆ. ಆದರೆ ಕೈ ಈಗ ಹೇಗಿದೆ ಎಂದು ನೋಡಬೇಕಲ್ಲ, ಅದಕ್ಕೆ ಅದೇ ಕಂಪನಿಯ ಹೊಸ ಕಥೆಯೊಂದರ ಮೂರು ಪುಸ್ತಕ ಬರೆದುಕೊಡಬೇಕು. ಜೊತೆಗೆ ಅ ಇಂದ ಳ ವರೆಗೆ ಕಾಗುಣಿತ, ಒತ್ತು ಎಲ್ಲ ಸೇರಿಸಿ ನೂರು ಹಾಳೆ ಮಾದರಿ.

“ಮೊದಲ್ನೇ ಪುಟದಲ್ಲಿ ನಿನ್ ಹೆಸ್ರು ಹಾಕ್ತಾರೆ ಮಾವ,” ಎಂದಳು. “ಅಕ್ಷರ, ಕೆಂಪರಾಜು ಅಂತ. ನಾನೇ ಕೇಳ್ದೆ. ಒಪ್ಪವ್ರೆ.”

ಆತ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಟವೆಲಿನಿಂದ ಮುಖ ಒರೆಸುವುದು ಅವತ್ತು ಬಹಳ ಹೊತ್ತು ಹಿಡಿಯಿತು.

ಹೊಸ ಕಥೆಯ ಪುಟಗಳು ಬಂದವು. ಬಲೂನುಗಳೆಲ್ಲ ಖಾಲಿ, ಕನ್ನಡದ ಮಾತುಗಳು ಬೇರೆ ಹಾಳೆಯಲ್ಲಿ. ಎಡಗಡೆಯಿಂದಲೇ ಶುರು, ನೆಟ್ಟಗಿರುವ ಪುಟಗಳು. ಜನರ ಮುಖ ಮಾತ್ರ ಜಪಾನಿನವರಂತಿತ್ತು. ಈಗೆಲ್ಲ ಅಮೆರಿಕದ ಕಂಪನಿಯವರು ಜಪಾನಿನವರ ಕೈಲೇ ಬರೆಸುತ್ತಾರೆ ಎಂದಳು ಚಂದನ. ಇದ್ದೀತು ಎಂದುಕೊಂಡ.

ಕಥೆಯಲ್ಲಿ ರಿಕು ಎಂಬ ಹುಡುಗ. ಅಜ್ಜಿ, ಮೊಮ್ಮಗ ಇಬ್ಬರೇ. ಗಂಟೆ ಎರಕ ಹೊಯ್ಯುವವರ ಹತ್ತಿರ ಕೆಲಸ ಕಲಿಯುತ್ತಾನೆ. ಹೊಯ್ದ ಗಂಟೆಯೆಲ್ಲ ಒಡೆಯುತ್ತದೆ. ಮೊದಲ ಪುಸ್ತಕ ಮುಗಿದರೂ ಒಂದು ಗಂಟೆಯೂ ನೆಟ್ಟಗೆ ಮೊಳಗುವುದಿಲ್ಲ. ಇದೆಂಥ ವೀರ ಎಂದು ಕೆಂಪರಾಜುವಿಗೆ ರೇಗಿತು. ಉಕ್ಕುಗಣ್ಣನಾಗಿದ್ದರೆ ಎರಡನೆಯ ಪುಟದಲ್ಲಿ ಗಂಟೆಯನ್ನೇ ಹೆಗಲ ಮೇಲೆ ಹೊತ್ತು ಹಾರಿರುತ್ತಿದ್ದ. ಆದರೂ ಎರಡನೆಯ ಪುಸ್ತಕದ ಹೊತ್ತಿಗೆ, ಈ ಹುಡುಗ ಈ ಸಲವಾದರೂ ಗೆಲ್ಲಲಿ ಎಂದು ಮುಂದಿನ ಪುಟವನ್ನು ಬರೆಯುವ ಮುಂಚೆ ಕದ್ದು ನೋಡುವುದು ಶುರುವಾಯಿತು. ಅಜ್ಜಿ ತನ್ನ ಪಾಲಿನ ಅನ್ನವನ್ನು ಮೊಮ್ಮಗನ ಬಟ್ಟಲಿಗೆ ಹಾಕಿ, ‘ನನಗೆ ಹಸಿವಿಲ್ಲ ಮಗಾ’ ಎನ್ನುವ ಬಲೂನನ್ನು ಬರೆಯುವಾಗ ಗೆರೆ ತಾನಾಗಿಯೇ ಸಣ್ಣಗಾಗಿ ಸುಕ್ಕುಗಟ್ಟಿತು. ಅಂಥ ಅಕ್ಷರ ಆ ನೂರ ಹನ್ನೆರಡು ಪುಸ್ತಕಗಳಲ್ಲಿ ಎಲ್ಲೂ ಬಂದಿರಲಿಲ್ಲ. ಅದನ್ನು ಆತ ಯಾರಿಗೂ ಹೇಳಲಿಲ್ಲ.

ಒಂದೇ ಒಂದು ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಮಧ್ಯಾಹ್ನದ ಮುದ್ದೆಗೆ ಕರೆಯಲು ಬಂದ ಮಂಗಳಮ್ಮನೇ ಅದನ್ನು ಬಾಯಿಬಿಟ್ಟು ಹೇಳಿದಳು.

“ಇದ್ಯಾಕೆ, ಈ ಅಜ್ಜಿ ಎಡಗೈಲಿ ಉಣ್ತಾ ಕುಂತವ್ಳೆ?”

“ಅವ್ಳೊಬ್ಳೇ ಅಲ್ಲ. ಹುಡ್ಗನೂ ಎಡಗೈಯೇ. ಊರೋರೆಲ್ಲ ಎಡಗೈಯೇ.”

“ಊರಿಗೂರೇ ಎಡಚರಾ? ಅಂಥೋರ ಮನೆಗೆ ಎಣ್ ಕೊಟ್ಟೋರ್ಯಾರು?” ಎಂದಳು ಮಂಗಳಮ್ಮ. “ಮಕ್ಳು ಓದೋ ಪುಸ್ತಕ. ನೋಡ್ಕಂಡು ಅವೂ ಎಡಗೈಲಿ ಉಣ್ಣಕ್ಕೆ ಕಲೀತವೆ. ಸರಿಮಾಡಿ.”

ಸರಿಮಾಡಿದ. ಸುತ್ತಿಗೆ, ಇಕ್ಕಳ ಯಾವ ಕೈಯಲ್ಲಿದ್ದರೇನು, ಅದನ್ನು ಮುಟ್ಟಲಿಲ್ಲ. ಊಟದ ಚಿತ್ರಗಳಲ್ಲಿ ಮಾತ್ರ ಬಿಳಿ ಬಣ್ಣ ಬಳಿದು, ಊಟದ ಕಡ್ಡಿಗಳನ್ನು ಬಲಗೈಗೆ ಕೊಟ್ಟ. ಎರಡು ಪುಸ್ತಕಗಳಲ್ಲಿ ಮೂವತ್ತೊಂದು ಕೈ. ಬೆರಳುಗಳ ಮಡಿಕೆ, ಮಣಿಕಟ್ಟಿನ ನೆರಳು ಎಲ್ಲ ಮೂಲದವನೇ ಬರೆದಂತೆ. ಎಂದಿನಂತೆ ಯಾರಿಗೂ ಹೇಳಲಿಲ್ಲ.

ಮೂರನೆಯ ಪುಸ್ತಕವನ್ನು ಶನಿವಾರ ತಲುಪಿಸುತ್ತೇನೆ ಎಂದಿದ್ದ. ಶುಕ್ರವಾರ ಬೆಳಿಗ್ಗೆಯೇ ಮುಗಿಯಿತು. ಇಂಕು ಒಣಗುವ ತನಕವೂ ಕೂರಲಾರದೆ, ಪುಟಗಳ ನಡುವೆ ತೆಳುಹಾಳೆ ಇಟ್ಟು, ರಟ್ಟಿನಲ್ಲಿ ಕಟ್ಟಿ, ಒಗೆದ ಶರ್ಟು ಹಾಕಿಕೊಂಡು ಭಾರತೀನಗರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳ ಸಾಲು. ಬಸ್ಸು ಅವುಗಳ ಹಿಂದೆ ತೆವಳುವಾಗ ಆತ ರಟ್ಟಿನ ಕಟ್ಟನ್ನು ಎದೆಗೆ ಆನಿಸಿಕೊಂಡು, ಮೊದಲ ಪುಟದಲ್ಲಿ ತನ್ನ ಹೆಸರನ್ನು ತಾನೇ ಬರೆಯಬೇಕಾ, ಅಥವಾ ಅದನ್ನು ಪ್ರೆಸ್ಸಿನವರೇ ಅಚ್ಚಿನ ಅಕ್ಷರದಲ್ಲಿ ಹಾಕಿಕೊಳ್ಳುತ್ತಾರಾ ಎಂದು ಯೋಚಿಸುತ್ತಿದ್ದ. ತಾನೇ ಬರೆದರೆ ಸ್ವಲ್ಪ ಜಂಬವಾಗಿ ಕಾಣಬಹುದು.

ಕುಸುಮಳ ಮನೆಗೆ ಬೀಗ ಹಾಕಿತ್ತು. ಕಾಲೇಜಿನಲ್ಲಿ ಇವತ್ತು ಉತ್ಸವ, ಚಂದನ ಅಲ್ಲೇ ಇರುತ್ತಾಳೆ ಎಂದು ಪಕ್ಕದ ಮನೆಯವರು ಹೇಳಿದರು.

ಕಾಲೇಜಿನ ಮೈದಾನದಲ್ಲಿ ಶಾಮಿಯಾನದ ಕೆಳಗೆ ಸಾಲಾಗಿ ಮಳಿಗೆಗಳು. ಕಬ್ಬಿನ ಹಾಲಿನ ಮಳಿಗೆಯಲ್ಲಿ ನಾಲ್ಕು ಜನ ಇದ್ದರೆ ಕಡೆಯದರ ಮುಂದೆ ನಲವತ್ತು ಜನ. ಅಲ್ಲಿ ನೈಲಾನ್ ಹಗ್ಗಕ್ಕೆ ಬಟ್ಟೆಯ ಕ್ಲಿಪ್ಪು ಹಾಕಿ ಪುಟಗಳನ್ನು ನೇತುಹಾಕಿದ್ದರು. ಹತ್ತು ಮಾರು ದೂರದಿಂದಲೇ ಕೆಂಪರಾಜುವಿಗೆ ತನ್ನ ಅಕ್ಷರ ಕಂಡಿತು. ಇಷ್ಟು ಬೇಗ ಅಚ್ಚಾಯಿತಾ ಎಂದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೋದ.

ಹತ್ತಿರ ಹೋದರೆ ಪುಟಗಳು ತಪ್ಪಾಗಿದ್ದವು. ಎಡಗಡೆ ಇರಬೇಕಾದ ಮನೆ ಬಲಗಡೆ ಇತ್ತು. ಕೇಳುವ ಮೊದಲೇ ಉತ್ತರ, ಆಮೇಲೆ ಪ್ರಶ್ನೆ. ಹಗ್ಗಕ್ಕೆ ಹಾಕುವಾಗ ಅದಲುಬದಲು ಮಾಡಿದ್ದಾರೆ ಎಂದು ಆತ ಒಂದು ಪುಟವನ್ನು ಬಿಚ್ಚಲು ಕೈ ಎತ್ತಿದ.

“ಅಂಕಲ್, ಸರಿಯಾಗೇ ಅದೆ, ಬುಡಿ,” ಎಂದಳು ಮಳಿಗೆಯ ಮೇಜಿನ ಹಿಂದಿದ್ದ ಹುಡುಗಿ. ಅವಳ ಎದೆಯ ಮೇಲಿನ ಚೀಟಿಯಲ್ಲಿ ರೂಪ ಎಂದಿತ್ತು. “ಇದು ಬಲಗಡೆಯಿಂದ ಓದೋದು. ಜಪಾನಿಂದು. ಮಾಂಗಾ ಅಂತ.”

“ಅಮೆರಿಕದ್ದಲ್ವಾ?”

“ಅಯ್ಯೋ, ಅದನ್ನ ಈಗ ಯಾರ್ ಓದ್ತಾರೆ ಅಂಕಲ್?”

ಅವಳ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಕಂಡದ್ದನ್ನು ಹೇಳುವ ದನಿ.

“ಯಾಕವ್ವ? ಚೆನ್ನಾಗಿಲ್ವಾ?”

“ಎಲ್ಲಿಂದ ಶುರು ಮಾಡೋದು, ನೀವೇ ಯೋಳಿ. ಎಪ್ಪತ್ತು ವರ್ಷದ ಕತೆ. ಸತ್ತೋನು ಮುಂದಿನ ವರ್ಷ ಎದ್ ಬತ್ತಾನೆ. ಒಬ್ರು ಬರೆದದ್ದನ್ನ ಇನ್ನೊಬ್ರು ಅಳಿಸ್ತಾರೆ. ಇಲ್ಲಿ ನೋಡಿ, ಒಬ್ಬನೇ ಬರೀತಾನೆ, ಒಂದರಿಂದ ಶುರು, ಕಡೇಗೆ ಮುಗೀತದೆ.” ಅವಳು ರಿಕುವಿನ ಮುಖದ ಮೇಲೆ ಬೆರಳಿಟ್ಟಳು. “ಮತ್ತೆ ಅವ್ರ ಹೀರೋಗಳು ಮೊದಲ್ನೇ ಪುಟಕ್ಕೇ ಗೆದ್ದಿರ್ತಾರೆ. ನಂಗೇನ್ ಕೆಲ್ಸ ಅಲ್ಲಿ? ಇವ್ನು ಫೇಲಾಗ್ತಾನೆ, ಮನೇಲಿ ಬೈಸ್ಕತಾನೆ, ಮತ್ತೆ ಎದ್ದು ಹೋಗ್ತಾನೆ. ನಾನು ಎರಡ್ ಸಬ್ಜೆಕ್ಟು ಉಳಿಸ್ಕಂಡು ಈ ಪುಸ್ತಕ ಓದಿದ್ದು ಅಂಕಲ್.”

“ಪಾಸಾದ್ಯಾ?”

“ಒಂದ್ರಲ್ಲಿ. ಇನ್ನೊಂದಕ್ಕೆ ಇವ್ನು ಗಂಟೆ ಹೊಯ್ಯೋ ತಂಕ ಕಾಯ್ತಿದೀನಿ,” ಎಂದು ನಕ್ಕಳು. “ಇದೇ ಕತೆ ಫೋನಲ್ಲಿ ಅನಿಮೆ ಅಂತ ಕಾರ್ಟೂನ್ ಆಗಿ ಬತ್ತದೆ, ಅದ್ನೂ ನೋಡ್ಬೋದು. ಆದ್ರೆ ನಂಗೆ ಇದೇ ಇಷ್ಟ, ಈ ಅಕ್ಷರಕ್ಕೋಸ್ಕರ. ಅಜ್ಜಿ ಮಾತಾಡಿದ್ರೆ ಅಕ್ಷರಾನೂ ಮುದುಕಿ ಆಯ್ತವೆ, ನೋಡಿ. ನಲವತ್ ಸಾವ್ರ ಜನ ಓದವ್ರೆ ಫೋನಲ್ಲಿ.”

ಕೆಂಪರಾಜು ಮೇಜಿನ ಅಂಚು ಹಿಡಿದುಕೊಂಡ. ನಲವತ್ತು ಸಾವಿರ. ಉಕ್ಕುಗಣ್ಣನನ್ನು ಎಂದೂ ಐದು ಸಾವಿರಕ್ಕಿಂತ ಹೆಚ್ಚು ಅಚ್ಚು ಹಾಕಿರಲಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿ ನಿಂತ ಹುಡುಗರ ಗುಂಪು ನಗತೊಡಗಿತು.

“ನೋಡ್ಲಾ ಪುನೀತಾ, ಇಡೀ ದಿನ ಬಲಗೈಲಿ ಸುತ್ತಿಗೆ ಹೊಡ್ದು, ಊಟಕ್ಕೆ ಕುಂತಾಗ ಎಡಗೈಲಿ ಉಣ್ತಾನೆ.”

“ಅದು ಶಾಪ ಕಣ್ಲಾ,” ಎಂದ ಪುನೀತ ಗಂಭೀರವಾಗಿ. “ಅಜ್ಜಿಗೂ ಅದೆ, ಮೊಮ್ಮಗಂಗೂ ಅದೆ. ಮೂರ್ನೇ ಪುಸ್ತಕದಲ್ಲಿ ಗೊತ್ತಾಯ್ತದೆ ನೋಡು.”

“ಶಾಪಾನೂ ಇಲ್ಲ ಏನೂ ಇಲ್ಲ. ಮೂಲದಲ್ಲಿ ಬಲಗೈಯೇ ಇರೋದು. ಯಾವನೋ ಪೆದ್ದ ಅಳಿಸಿ ಎಡಗೈ ಬರ್ದವ್ನೆ.”

ಕೆಂಪರಾಜು ತಿರುಗಿ ನೋಡಿದ. ಅಜ್ಜಿಯ ಎಡಗೈ. ಬೆರಳುಗಳ ಮಡಿಕೆ, ಮಣಿಕಟ್ಟಿನ ನೆರಳು, ಎಲ್ಲ ತನ್ನದೇ. ತಾನು ಬಲಗೈಗೆ ಕೊಟ್ಟ ಕಡ್ಡಿ. ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ಹೊಳೆಯಿತು. ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ ಪುಟಗಳನ್ನು ತನಗೆ ಕೊಟ್ಟಿದ್ದಾರೆ. ಅದಕ್ಕೇ ಊರಿಗೂರೇ ಎಡಚರಾಗಿ ಕಂಡದ್ದು. ಬರೆಸಿಕೊಂಡ ಮೇಲೆ ಬಲೂನಿನೊಳಗಿನ ಅಕ್ಷರವನ್ನು ಮಾತ್ರ ನೆಟ್ಟಗೆ ಉಳಿಸಿ, ಚಿತ್ರಗಳನ್ನು ಮತ್ತೆ ಇದ್ದಂತೆಯೇ ತಿರುಗಿಸಿಕೊಂಡಿದ್ದಾರೆ. ಹೋದ ವರ್ಷ ತಾನು ಬೇಡವೆಂದ ಪುಸ್ತಕವನ್ನೇ ಮಗ್ಗುಲು ಬದಲಾಯಿಸಿ ತನ್ನ ತೊಡೆಯ ಮೇಲೆ ತಂದಿಟ್ಟಿದ್ದಾರೆ.

ಹಗ್ಗದ ತುದಿಯಲ್ಲಿ ಮೊದಲ ಪುಟ ತೂಗುತ್ತಿತ್ತು. ಕೆಳಗಿನ ಮೂಲೆಯಲ್ಲಿ ಎರಡು ಸಾಲು. ಅನುವಾದ: ರೂಪ. ಅಕ್ಷರ: ಚಂದನ.

‘ಚಂದನ’ ಎನ್ನುವುದೂ ಅವನ ಅಕ್ಷರದಲ್ಲೇ ಇತ್ತು. ಅದನ್ನು ತಾನು ಯಾವಾಗ ಬರೆದೆ ಎಂದು ಆತ ನಿಜಕ್ಕೂ ನೆನಪು ಮಾಡಿಕೊಳ್ಳಲು ನೋಡಿದ. ಬರೆದಿರಲಿಲ್ಲ.

“ಮಾವ?”

ಎರಡೂ ಕೈಯಲ್ಲಿ ಕಬ್ಬಿನ ಹಾಲಿನ ಲೋಟ ಹಿಡಿದು ಚಂದನ ನಿಂತಿದ್ದಳು. “ನಾಳೆ ತಾನೆ ಬತ್ತೀನಿ ಅಂದಿದ್ದು ನೀನು?”

“ಇವತ್ತೇ ಮುಗೀತು.”

ಅವಳು ಲೋಟಗಳನ್ನು ಮೇಜಿನ ಮೇಲಿಟ್ಟು, ಅವನ ತೋಳು ಹಿಡಿದು ಶಾಮಿಯಾನದ ಹಿಂಭಾಗಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಮುರಿದ ಬೆಂಚುಗಳನ್ನು ರಾಶಿ ಹಾಕಿದ್ದರು.

“ಅಶೋಕ್ ಅಂದ್ರೆ ಯಾರವ್ವ?” ಎಂದು ಕೇಳಿದ ಕೆಂಪರಾಜು.

ಚಂದನ ಬೆಂಚಿನ ಮೊಳೆಯನ್ನು ಉಗುರಿನಿಂದ ಕೆರೆದಳು. “ಯಾರೂ ಇಲ್ಲ ಮಾವ.”

“ಪ್ರೆಸ್ಸು?”

“ಇಲ್ಲ. ನಿಜ ಯೋಳಿದ್ರೆ ನೀನು ಬರೀತಿದ್ಯಾ? ಹೋದ್ ವರ್ಷ ಪುಸ್ತಕ ಕೈಗೆ ಕೊಟ್ರೆ ಎರಡ್ ಪುಟ ನೋಡ್ಲಿಲ್ಲ.”

“ಬರೀತಿರ್ಲಿಲ್ಲ.”

“ಅದ್ಕೇ ಮತ್ತೆ. ಕಂಪ್ಯೂಟರ್ ಅಕ್ಷರ ಹಾಕಿ ಮಾಡಿದ್ವಿ ಮೊದ್ಲು. ಸತ್ತ ಹೆಣದಂಗಿತ್ತು, ಒಬ್ರೂ ಓದ್ಲಿಲ್ಲ. ನಿನ್ ಅಕ್ಷರ ಬಂದ್ಮೇಲೆ ನೋಡು, ಕನ್ನಡದಲ್ಲಿ ಇಂಥದ್ದಿಲ್ಲ ಅಂತವ್ರೆ. ಒಳ್ಳೇದೇ ಆಯ್ತಲ್ಲ ಮಾವ?”

“ಉಕ್ಕುಗಣ್ಣ?”

“ಅವ್ನು ಯಾರಿಗ್ ಬೇಕು ಈಗ?”

“ನಿಂಗೆ ಬೇಕಾಗಿದ್ನಲ್ಲವ್ವ. ಮಡಿಲಿಂದ ಇಳೀತಿರ್ಲಿಲ್ಲ ನೀನು.”

ಚಂದನ ತಲೆಯೆತ್ತಿ ಅವನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿ ನೆಟ್ಟಗಿತ್ತು. “ಅವ್ನಲ್ಲ ಮಾವ. ನಂಗೆ ಬೇಕಾಗಿದ್ದದ್ದು ನೀನು ಓದೋದು. ಅವ್ನ ಕತೆ ನಂಗೆ ಒಂದ್ ದಿನಾನೂ ಇಷ್ಟ ಆಗಿರ್ಲಿಲ್ಲ. ನಿಂಗ್ ಬೇಜಾರಾಯ್ತದೆ ಅಂತ ಯೋಳ್ಲಿಲ್ಲ.”

ಸುಳ್ಳಿನ ಎಂಟು ತಿಂಗಳನ್ನು ಕೆಂಪರಾಜು ಹೇಗೋ ತಡೆದುಕೊಂಡ. ಇದನ್ನು ತಡೆದುಕೊಳ್ಳಲಾಗಲಿಲ್ಲ. ರಜೆಯ ಮಧ್ಯಾಹ್ನಗಳು, ಟ್ರಂಕಿನ ಮುಚ್ಚಳದ ಕಿರುಗುಟ್ಟು, ಮೂಗಿನ ದನಿಯಲ್ಲಿ ತಾನು ಹೇಳಿದ ಮಾತಿಗೆ ಅವಳು ಕೇಕೆ ಹಾಕಿ ನಕ್ಕದ್ದು, ಅಷ್ಟನ್ನೂ ಅವಳು ಈಗ ಹಿಂದಕ್ಕೆ ತೆಗೆದುಕೊಂಡಂತಾಯಿತು. ತನ್ನ ಕೈ ಕೂಡ ತನ್ನ ಕಡೆಗಿರಲಿಲ್ಲ. ಎಂದೂ ಸೋಲದವನಿಗೆ ಕೊಡದ ಅಕ್ಷರವನ್ನು ಅದು ಈ ಸೋಲುವ ಹುಡುಗನಿಗೆ ಕೊಟ್ಟಿತ್ತು.

“ನನ್ ಹೆಸ್ರು ಎಲ್ಲವ್ವ?” ಎಂದ ಕಡೆಗೆ.

“ಮಾವ, ಅದು...” ಚಂದನ ತಡವರಿಸಿದಳು. “ನೂರು ಹಾಳೆ ಬರ್ದಿದ್ಯಲ್ಲ, ಅದ್ನ ಕಂಪ್ಯೂಟರಿಗೆ ಹತ್ತಿಸಿ ಫಾಂಟು ಮಾಡಿದೀನಿ. ಇನ್ನ್ ಮೇಲೆ ನೀನು ಕುಂತು ಕಣ್ಣು ನೋಯಿಸ್ಕಬೇಕಾಗಿಲ್ಲ, ಟೈಪ್ ಮಾಡಿದ್ರೆ ನಿನ್ ಅಕ್ಷರಾನೇ ಬತ್ತದೆ. ಆರು ತಿಂಗ್ಳು ರಾತ್ರಿ ಹಗಲು ಕುಂತು ಮಾಡಿದ್ದು ನಾನು. ಫಾಂಟಿಗೊಂದು ಹೆಸ್ರು ಕೊಡ್ಬೇಕಿತ್ತು. ನಂದೇ ಕೊಟ್ಟೆ. ಪುಸ್ತಕಕ್ಕೂ ಅದೇ ಬಂತು. ನಿನ್ ಹೆಸ್ರು ಹಾಕಿ, ಅದ್ನ ಯಾರಾದ್ರೂ ನಿಂಗೆ ತೋರ್ಸಿದ್ರೆ ಗೊತ್ತಾಗೋಯ್ತದಲ್ಲ ಅಂತ...”

“ಗೊತ್ತಾಗ್ಬಾರ್ದು ಅಂತ.”

“ಆಮೇಲೆ ಹಾಕನ ಅಂತಿದ್ದೆ ಮಾವ. ಆಣೆಗೂ.”

ಶಾಮಿಯಾನದ ಬಟ್ಟೆಯ ಸಂದಿಯಿಂದ ರೂಪಳ ಮುಖ ಇಣುಕಿತು. ಅವಳ ಕಣ್ಣು ಕೆಂಪರಾಜುವಿನ ಕಂಕುಳಲ್ಲಿದ್ದ ರಟ್ಟಿನ ಕಟ್ಟಿನ ಮೇಲಿತ್ತು. “ಚಂದನಾ, ಮೂರ್ನೇದು ಬಂತಾ? ಆಚೆ ಎಲ್ರೂ ಕೇಳ್ತವ್ರೆ.”

“ಬಂತು ಬಂತು, ಒಂದ್ ನಿಮಿಷ,” ಎಂದು ಅವಳನ್ನು ಕಳಿಸಿ ಚಂದನ ಮಾವನ ಕಡೆ ತಿರುಗಿದಳು. ಮುಖ ಒರೆಸಿಕೊಂಡಿದ್ದಳು. ಕೆಲಸದ ಮಾತಿಗೆ ಬಂದಾಗ ಅವಳಿಗೆ ಧೈರ್ಯ ಬಂದಂತಿತ್ತು. “ಈ ಸಲ ನಿನ್ ಹೆಸ್ರೇ ಹಾಕ್ತೀನಿ, ದೊಡ್ಡದಾಗಿ. ಪುಟ ಕೊಡು, ಸ್ಕ್ಯಾನ್ ಮಾಡ್ತೀನಿ. ಮತ್ತೆ ಮಾವ, ಫಾಂಟಲ್ಲಿ ‘ಝ’ ಒಂದು ಸರಿಯಾಗಿ ಬಂದಿಲ್ಲ, ಬಾಲ ಒಡ್ದೋಗಿ ಕಾಣ್ತದೆ. ಗಂಟೆ ಸದ್ದಿಗೆಲ್ಲ ಅದೇ ಬೇಕು. ಹೆಂಗೂ ಬಂದಿದೀಯ, ಪೆನ್ನು ತಂದಿದ್ರೆ ಇಲ್ಲೇ ಒಂದ್ ಹತ್ ಸಲ ದಪ್ಪಕೆ ಬರ್ದು, ಆಮೇಲೆ ಅದಕ್ಕೆ ಕೊಂಬು, ಇಳಿ ಹಾಕಿ...”

ಕೆಂಪರಾಜು ಕಟ್ಟನ್ನು ಕಂಕುಳಿಗೆ ಇನ್ನಷ್ಟು ಒತ್ತಿಕೊಂಡು, ಬೆಂಚಿನ ರಾಶಿಯನ್ನು ಬಳಸಿ ಗೇಟಿನ ಕಡೆ ನಡೆಯತೊಡಗಿದ್ದ.

“...ಒಂದ್ ಅರ್ಧ ಗಂಟೆ ಕೆಲ್ಸ ಅಷ್ಟೇ ಮಾವ, ಕೇಳುಸ್ಕ ಇಲ್ಲಿ, ಪೆನ್ನು ನಾನೇ ಕೊಡ್ತೀನಿ...”